ಆ ಹುಡುಗನ ಪ್ರಶ್ನೆಗೆ ಉತ್ತರ ಎಲ್ಲಿ?

ಪ್ರಿಯ ಟೀಚರ್ ಅವರಿಗೆ, ನಮಸ್ಕಾರ.

‘ಮಹಾಯುದ್ಧಗಳನ್ನು ಮಕ್ಕಳಿಗೆ ತಿಳಿಸುವ ಪುಸ್ತಕಗಳು’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತು, ಕ್ಷಮಿಸಿ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಯಾಕೆ ಬಂತು ಅಂತ ತಿಳಿಯೋಕೆ ಇನ್ನೆರಡು ಸಲ ಓದಬೇಕಾಯಿತು. ಈ ತೊಂದರೆ ನಿಮ್ಮೊಬ್ಬರದ್ದಲ್ಲ, ನನ್ನ ಮೇಜಿಗೆ ಬರುವ ಎಷ್ಟೋ ಬರಹಗಳಲ್ಲಿ ಇದೆ. ಹಾಗಾಗಿ ನಿಮ್ಮ ಒಪ್ಪಿಗೆ ಕೇಳಿಕೊಂಡು, ಹೆಸರು ಬಿಟ್ಟು, ಈ ಪತ್ರವನ್ನು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಭಾಷೆ ಸರಾಗವಾಗಿದೆ. ಕಾಗುಣಿತದ ತಪ್ಪುಗಳಿಲ್ಲ. ಹಾವೇರಿ ಹತ್ತಿರದ ಹೈಸ್ಕೂಲಿನಲ್ಲಿ ದಿನವಿಡೀ ಪಾಠ ಮಾಡಿ, ರಾತ್ರಿ ಕೂತು 22 ಪುಸ್ತಕಗಳನ್ನು ಪಟ್ಟಿ ಮಾಡಿದ್ದೀರಿ. ಆ ಶ್ರಮ ಕಾಣುತ್ತದೆ.

ಈಗ ಎರಡನೇ ಪುಟದ ಈ ಸಾಲುಗಳನ್ನು ನೋಡಿ:

“ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ಟೀಚರ್, ಆ ಯುದ್ಧದಾಗ ನಮ್ಮ ಕಡೆಯವ್ರು ಯಾರರೆ ಇದ್ರೇನ್ರಿ?’ ಎಂದು ಕೇಳಿದ. ಮಕ್ಕಳ ಕುತೂಹಲಕ್ಕೆ ಕೊನೆಯಿಲ್ಲ. ಇನ್ನು ಪುಸ್ತಕಗಳ ವಿಚಾರಕ್ಕೆ ಬರೋಣ.”

ಅಷ್ಟೇ. ಆ ಹುಡುಗ ಮತ್ತೆ ಎಲ್ಲೂ ಬರುವುದಿಲ್ಲ. ಆಮೇಲೆ ಏಳು ಪುಟ ಪಟ್ಟಿ ಇದೆ. ಅವನ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕ ಆ 22ರಲ್ಲಿ ಒಂದೂ ಇಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲಿ. ಇಡೀ ಬರಹದಲ್ಲಿ ಜೀವ ಇರುವ ಸಾಲು ಅದೊಂದೇ. ಅದನ್ನು ನೀವೇ ಕೈಯಾರೆ ಬಿಟ್ಟುಬಿಟ್ಟಿರಿ. ಅವನ ಬಗ್ಗೆ ಮುಂದೆ ಹೇಳುತ್ತೇನೆ. ಮೊದಲು ಪಟ್ಟಿಯನ್ನು ನೋಡೋಣ. ಎಲ್ಲವನ್ನೂ ಅಲ್ಲ, ಮೂರು ನಮೂದುಗಳನ್ನು ಮಾತ್ರ.

ನಾಲ್ಕನೆಯದು. “ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪಜಾಮಾಸ್: ನಾಜಿ ಶಿಬಿರಗಳ ನೈಜ ಚಿತ್ರಣ ನೀಡುವ ಮನಕಲಕುವ ಕೃತಿ. 10ರಿಂದ 14 ವರ್ಷದವರಿಗೆ.”

‘ಮನಕಲಕುವ’ ಅನ್ನುವುದಕ್ಕೆ ನನ್ನ ತಕರಾರಿಲ್ಲ. ‘ನೈಜ ಚಿತ್ರಣ’ ಅನ್ನೋದು ತಪ್ಪು. 2006ರಲ್ಲಿ ಬಂದ ಈ ಪುಸ್ತಕವನ್ನು ಲೇಖಕರೇ ಒಂದು ನೀತಿಕಥೆ ಎಂದು ಕರೆದಿದ್ದಾರೆ. ಶಿಬಿರದ ಅಧಿಕಾರಿಯ ಒಂಬತ್ತು ವರ್ಷದ ಮಗ ಬೇಲಿಯ ಹತ್ತಿರ ಹೋಗುತ್ತಾನೆ. ಆಚೆ ಕಡೆ ಅದೇ ವಯಸ್ಸಿನ ಯಹೂದಿ ಹುಡುಗ ಕೂತಿರುತ್ತಾನೆ. ಇಬ್ಬರೂ ದಿನಾ ಮಾತಾಡುತ್ತಾರೆ. ನಾಜಿಗಳ ನಿಜವಾದ ಶಿಬಿರ ಆಶ್ವಿಟ್ಸ್‌ನಲ್ಲಿ ಬೇಲಿಗೆ ವಿದ್ಯುತ್ ಹರಿಯುತ್ತಿತ್ತು, ಕಾವಲು ಗೋಪುರಗಳಿದ್ದವು. ಅಲ್ಲಿಗೆ ಸುಮಾರು 2,32,000 ಮಕ್ಕಳನ್ನು ಸಾಗಿಸಿದ್ದರು. ಹೆಚ್ಚಿನವರನ್ನು ರೈಲಿನಿಂದ ಇಳಿಸಿದ ಕೂಡಲೇ ಕೊಂದರು. ಒಂಬತ್ತು ವರ್ಷದ ಹುಡುಗ ತಿಂಗಳುಗಟ್ಟಲೆ ಬೇಲಿಯ ಪಕ್ಕ ಕೂತು ಹರಟೆ ಹೊಡೆಯುವ ಜಾಗ ಅದಾಗಿರಲಿಲ್ಲ. ಇತಿಹಾಸ ಓದುವವರು, ಕಲಿಸುವವರು ಈ ಪುಸ್ತಕದಿಂದ ದೂರ ಇರಬೇಕು ಅಂತ ಆಶ್ವಿಟ್ಸ್ ಸ್ಮಾರಕದವರೇ 2020ರ ಜನವರಿಯಲ್ಲಿ ಬಹಿರಂಗವಾಗಿ ಹೇಳಿದರು.

ಕಥೆ ಓದಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಕಥೆಯನ್ನು ಕಥೆ ಅಂತ ಹೇಳಿ ಕೊಡಬೇಕು. ಇನ್ನೊಂದನ್ನೂ ಗಮನಿಸಿ. ಆ ಪುಸ್ತಕ ಮುಗಿದಾಗ ಓದುವ ಮಗುವಿನ ಕಣ್ಣೀರು ಹೆಚ್ಚಾಗಿ ಅಧಿಕಾರಿಯ ಮಗನಿಗೇ ಹೋಗುತ್ತದೆ. ಬೇಲಿಯ ಒಳಗಿದ್ದ ಹುಡುಗ ಹಿಂದೆ ಉಳಿಯುತ್ತಾನೆ. ಇದು ಪುಸ್ತಕ ಓದಿದವರಿಗೆ ಕಾಣುತ್ತದೆ. ಹಿಂಬದಿ ರಕ್ಷಾಪುಟ ಓದಿದವರಿಗೆ ಕಾಣುವುದಿಲ್ಲ. ನೀವು ಓದಿದ್ದು ಯಾವುದನ್ನು ಅಂತ ನಾನು ಕೇಳಲೇಬೇಕು.

ಆರನೆಯದು. “ಸಾವಿನ ಕೊನೆಯ ಕ್ಷಣದವರೆಗೂ ಆನ್ ಫ್ರಾಂಕ್ ಬರೆದ ದಿನಚರಿ.”

ಇಲ್ಲ, ತಂಗೀ. ಡೈರಿಯ ಕೊನೆಯ ಪುಟ 1944ರ ಆಗಸ್ಟ್ 1ರದ್ದು. ಮೂರು ದಿನ ಬಿಟ್ಟು, ಆಗಸ್ಟ್ 4ರಂದು, ನಾಜಿಗಳಿಗೆ ಹೆದರಿ ಅಡಗಿದ್ದ ಆ ಯಹೂದಿ ಹುಡುಗಿಯನ್ನೂ ಜೊತೆಗಿದ್ದವರೆಲ್ಲರನ್ನೂ ಹಿಡಿದರು. ಅವಳು ತೀರಿಕೊಂಡದ್ದು 1945ರ ಆರಂಭದಲ್ಲಿ, ಬರ್ಗೆನ್-ಬೆಲ್ಸನ್ ಶಿಬಿರದಲ್ಲಿ, ಹದಿನೈದು ವರ್ಷಕ್ಕೆ. ನಡುವಿನ ಆ ತಿಂಗಳುಗಳ ಬಗ್ಗೆ ಅವಳು ಬರೆದ ಒಂದು ಅಕ್ಷರವೂ ಇಲ್ಲ. ಮಕ್ಕಳ ಕೈಗೆ ಈ ಪುಸ್ತಕ ಕೊಡುವ ಮೇಷ್ಟ್ರು ತಿಳಿದಿರಬೇಕಾದ ಮೊದಲ ಸಂಗತಿ ಇದು. ಡೈರಿ ಥಟ್ಟನೆ ನಿಲ್ಲುತ್ತದೆ. ಮಗು ತಲೆ ಎತ್ತಿ “ಮುಂದ?” ಅನ್ನುತ್ತದೆ. ಮುಂದಿನದು ಪುಸ್ತಕದಲ್ಲಿಲ್ಲ, ನೀವು ಹೇಳಬೇಕು. “ಕೊನೆಯ ಕ್ಷಣದವರೆಗೂ ಬರೆದಳು” ಅಂದುಬಿಟ್ಟರೆ ರೈಲು, ಶಿಬಿರ, ಹಸಿವು, ಟೈಫಸ್ ಎಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತವೆ.

ಬರೆಯುವ ಆಸೆ ಇರುವ ಮಕ್ಕಳಿಗೆ ಹೇಳಲು ಇಲ್ಲಿ ಇನ್ನೊಂದು ಒಳ್ಳೆಯ ಸಂಗತಿ ಇತ್ತು. 1944ರ ಮಾರ್ಚ್‌ನಲ್ಲಿ ರೇಡಿಯೋದಲ್ಲಿ ಡಚ್ ಮಂತ್ರಿಯೊಬ್ಬರು, ಯುದ್ಧದ ದಿನಗಳ ಡೈರಿ, ಪತ್ರಗಳನ್ನು ಕಾಪಾಡಿಕೊಳ್ಳಿ ಎಂದು ಜನರನ್ನು ಕೇಳಿಕೊಂಡರು. ಅದನ್ನು ಕೇಳಿದ ಮೇಲೆ ಆ ಹುಡುಗಿ ಅಡಗಿದ್ದ ಕೋಣೆಯಲ್ಲೇ ಕೂತು ತನ್ನ ಡೈರಿಯನ್ನು ತಾನೇ ತಿದ್ದಿ ಮತ್ತೆ ಬರೆಯಲು ಶುರುಮಾಡಿದಳು. ಹದಿನಾಲ್ಕು ವರ್ಷದವಳು! ನಮ್ಮಲ್ಲಿ ದೊಡ್ಡವರೂ ತಮ್ಮ ಬರಹವನ್ನು ಎರಡನೇ ಸಲ ನೋಡುವುದಿಲ್ಲ.

ಒಂಬತ್ತನೆಯದು ಜರ್ಮನ್ ಲೇಖಕ ರೆಮಾರ್ಕ್ 1929ರಲ್ಲಿ ಪ್ರಕಟಿಸಿದ, ಮೊದಲ ಮಹಾಯುದ್ಧದ ಕಾದಂಬರಿ, ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’. “ಸೈನಿಕರ ಕಷ್ಟಗಳ ಕಥೆ” ಅಂತ ಬರೆದು ಮುಗಿಸಿದ್ದೀರಿ. ಕಥೆಯಲ್ಲಿ ಶಾಲೆಯ ಹುಡುಗರನ್ನು ಸೈನ್ಯಕ್ಕೆ ಸೇರಿ ಅಂತ ಹುರಿದುಂಬಿಸಿ ಕಳಿಸಿದ್ದು ಯಾರು ಗೊತ್ತೇ? ಅವರ ಕ್ಲಾಸ್ ಮೇಷ್ಟ್ರು. ಒಬ್ಬ ಟೀಚರ್ ಈ ಪುಸ್ತಕ ಓದಿ, ಅದರ ಬಗ್ಗೆ ಬರೆಯುವಾಗ ಆ ಮೇಷ್ಟ್ರನ್ನು ಮರೆಯೋದು ಸಾಧ್ಯ ಅಂತ ನನಗೆ ಅನಿಸುವುದಿಲ್ಲ.

ಇಷ್ಟು ಕಟುವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಪಾಠವನ್ನು ನನಗೂ ಒಬ್ಬರು ಕಲಿಸಿದ್ದಾರೆ. 1980ರ ದಶಕದ ಶುರುವಿನಲ್ಲಿ ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ನಾನು ಪ್ರೂಫ್ ತಿದ್ದುತ್ತಿದ್ದೆ. ಆಗಿನ್ನೂ ಮೊಳೆ ಜೋಡಿಸುವ ಕಾಲ. ಕೆಳಗಡೆ ಪ್ರೆಸ್ಸು, ಮೇಲೆ ನಮ್ಮ ಕೋಣೆ. ಗ್ಯಾಲಿ ಪ್ರೂಫಿನ ಹಸಿ ಮಸಿ ಅಂಗಿ ತೋಳಿಗೆ ಹತ್ತುತ್ತಿತ್ತು. ಒಂದು ಆಗಸ್ಟ್‌ನಲ್ಲಿ ಸಂಪಾದಕರು ಹಿರೋಶಿಮಾ ದಿನಕ್ಕೆ ಅರ್ಧ ಪುಟ ಬರೆಯಲು ಹೇಳಿದರು. ನಾನು ಬರೆದ ಮೊದಲ ದೊಡ್ಡ ಬರಹ ಅದು. ರಾತ್ರಿಯೆಲ್ಲ ಕೂತು ಬರೆದೆ. “ಕ್ಷಣಾರ್ಧದಲ್ಲಿ ಲಕ್ಷಾಂತರ ಜನ ಸುಟ್ಟು ಬೂದಿಯಾದರು” ಅಂತ ಶುರುಮಾಡಿದ್ದೆ. ಆ ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಅವರು ಓದಿ ‘ಕ್ಷಣಾರ್ಧದಲ್ಲಿ’ ಎಂಬ ಪದದ ಮೇಲೆ ಕೆಂಪು ಗೆರೆ ಎಳೆದರು. “ಎಲ್ಲಾರೂ ಒಂದ ಸಲಕ್ಕ ಸತ್ತರೇನು?” ಅಂತ ಕೇಳಿದರು. ನಾನು ಸುಮ್ಮನೆ ನಿಂತೆ. “ವಾರಗಟ್ಟಲೆ ಸತ್ತಾರ, ತಿಂಗಳಗಟ್ಟಲೆ ಸತ್ತಾರ. ಮೈ ಸುಟಗೊಂಡು ನೀರು ನೀರು ಅಂದು ಸತ್ತಾರ. ಗಾಯ ಇಲ್ಲದವ್ರು ಕೂದಲು ಉದುರಿ ಸತ್ತಾರ. ನಿನ್ನ ಒಂದು ಪದದಾಗ ಅವರನ್ನೆಲ್ಲಾ ಕೈಬಿಟ್ಟೀ ನೋಡು.” ಅಂದು ಅವರು ದನಿ ಏರಿಸಲಿಲ್ಲ. ನಾನು ಕೆಳಗೆ ಹೋಗಿ ಪ್ರೆಸ್ಸಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಆಮೇಲೆ ಪುಸ್ತಕ ಹುಡುಕಿಕೊಂಡು ಓದಿದೆ. 1945ರ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000. ಅಂದರೆ ಆಗಸ್ಟ್ 6ರಿಂದ ಡಿಸೆಂಬರ್‌ವರೆಗೆ. ಅರ್ಧ ಪುಟವನ್ನು ಮತ್ತೆ ಬರೆಯಲು ಮೂರು ದಿನ ಹಿಡಿಯಿತು. ಬಾಂಬಿನಿಂದ ಶುರುಮಾಡಲಿಲ್ಲ, ಸೆಪ್ಟೆಂಬರ್ ತಿಂಗಳಿಂದ ಶುರುಮಾಡಿದೆ. ಆ ಗುರುಗಳು ತೀರಿಕೊಂಡು ಎಷ್ಟೋ ವರ್ಷವಾಯಿತು. ‘ಕ್ಷಣಾರ್ಧ’ ಎಂಬ ಪದ ಕಂಡರೆ ಇವತ್ತಿಗೂ ನನ್ನ ಪೆನ್ನು ನಿಲ್ಲುತ್ತದೆ. ನಿಮ್ಮ ‘ಕೊನೆಯ ಕ್ಷಣದವರೆಗೂ’ ಕಂಡಾಗಲೂ ಹಾಗೇ ನಿಂತಿತು.

ಈಗ ಆ ಹುಡುಗನ ಕಡೆ ಬರೋಣ.

ಪೀಠಿಕೆಯಲ್ಲಿ ನೀವು ಬರೆದಿದ್ದೀರಿ: “ಸಾವಿರಾರು ಮೈಲಿ ದೂರದ ಯುರೋಪಿನಲ್ಲಿ ನಡೆದ ಈ ಯುದ್ಧಗಳು ನಮ್ಮ ಮಕ್ಕಳಿಗೆ ಅಪರಿಚಿತ.” ಅವನು ಕೇಳಿದ್ದು ಈ ಸಾಲನ್ನೇ ಅಲ್ವಾ? ನೀವು ದೂರ ಅಂದಿರಿ. ಅವನು, ದೂರ ಹೌದೇನು ಅಂತ ಕೇಳಿದ.

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 13 ಲಕ್ಷ ಜನ ಹೋದರು. 74,000 ಮಂದಿ ತಿರುಗಿ ಬರಲಿಲ್ಲ. ಮೆಸಪಟೋಮಿಯಾದ (ಈಗಿನ ಇರಾಕ್) ಕೂಟ್ ಎಂಬ ಊರಿನಲ್ಲಿ ಐದು ತಿಂಗಳು ಮುತ್ತಿಗೆಗೆ ಸಿಕ್ಕಿ, ಹಸಿದು, 1916ರ ಏಪ್ರಿಲ್‌ನಲ್ಲಿ ಶರಣಾದ ಪಡೆಯಲ್ಲಿ ಮರಾಠಾ ಪಲ್ಟನ್ನುಗಳಿದ್ದವು. ಆ ರೆಜಿಮೆಂಟಿನ ಕೇಂದ್ರ ಇವತ್ತು ಎಲ್ಲಿದೆ? ನಮ್ಮ ಬೆಳಗಾವಿಯಲ್ಲಿ. ನಿಮ್ಮ ಶಾಲೆಯಿಂದ ಪ್ರವಾಸ ಹೋದರೆ ಸಂಜೆಯೊಳಗೆ ವಾಪಸ್ ಬರಬಹುದು. 1918ರಲ್ಲಿ ಸೈನಿಕರ ಹಡಗುಗಳ ಜೊತೆ ಮುಂಬೈಗೆ ಇನ್‌ಫ್ಲುಯೆಂಜಾ ಬಂದು ಇಳಿಯಿತು. ದೇಶದಲ್ಲಿ ಕಡಿಮೆ ಅಂದರೂ 1.2 ಕೋಟಿ ಜನ ಸತ್ತರು. ಯುದ್ಧಭೂಮಿಯಲ್ಲಿ ಸತ್ತವರ ಲೆಕ್ಕ ಅದರ ಮುಂದೆ ಏನೂ ಅಲ್ಲ. ಮುಂಬೈ ಪ್ರಾಂತಕ್ಕೆ ದೊಡ್ಡ ಹೊಡೆತ ಬಿತ್ತು. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲೇ ಇತ್ತು. ಗದಗ, ಹಾವೇರಿ ಎಲ್ಲ ಅದರೊಳಗೆ.

ಎರಡನೆಯದು ಇನ್ನೂ ಹತ್ತಿರ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ನಮ್ಮವರನ್ನು ಯಾರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಅಂತ ಸಾರಿಬಿಟ್ಟರು. ಆ ಸಿಟ್ಟು ಬೆಳೆದು 1942ರ ಚಲೇಜಾವ್ ಚಳವಳಿಯವರೆಗೆ ಬಂತು. ಈಗ ನಿಮ್ಮ ಆರನೇ ಪುಸ್ತಕವನ್ನು ಮತ್ತೆ ತೆಗೆಯಿರಿ. ಆನ್ ಫ್ರಾಂಕ್‌ಗೆ ಡೈರಿ ಸಿಕ್ಕಿದ್ದು 1942ರ ಜೂನ್‌ನಲ್ಲಿ, ಹದಿಮೂರನೇ ಹುಟ್ಟುಹಬ್ಬಕ್ಕೆ. ಜುಲೈನಲ್ಲಿ ಅವಳು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಡಗಿದಳು. ಆಗಸ್ಟ್‌ನಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನ, ಶಾಲೆಗೆ ಹೋಗುವ ಹುಡುಗ ನಾರಾಯಣ ಡೋಣಿ ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಸತ್ತ. ಇಬ್ಬರೂ ಒಂದೇ ಯುದ್ಧದ ಮಕ್ಕಳು. ಇದನ್ನು ನಿಮ್ಮ ಕ್ಲಾಸಿನಲ್ಲಿ ಹೇಳಿ ನೋಡಿ. ಬೋರ್ಡಿನ ಮೇಲೆ ಒಂದೇ ಗೆರೆ ಎಳೆದು, ಎರಡು ಹೆಸರನ್ನೂ ಒಟ್ಟಿಗೆ ಬರೆಯಿರಿ.

ಇನ್ನು ನಿಮ್ಮ ತಾಲೂಕಿನ ಹೊಸರಿತ್ತಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಅಲ್ಲಿ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ನರು ಶರಣಾಗಿ ಆಗ ಎರಡು ತಿಂಗಳಾಗಿತ್ತು. ನಿಮ್ಮ ಮಕ್ಕಳು ಮೈಲಾರರ ಪಾಠವನ್ನು ಒಂದು ಕಡೆ ಓದುತ್ತಾರೆ, ಮಹಾಯುದ್ಧದ ಪಾಠವನ್ನು ಇನ್ನೊಂದು ಕಡೆ. ಎರಡೂ ಒಂದೇ ವರ್ಷದ ಕಥೆ ಅಂತ ಅವರಿಗೆ ಯಾರು ಹೇಳಬೇಕು?

ಗದಗಿನಲ್ಲಿದ್ದ ನಮ್ಮ ಅಜ್ಜಿ ‘ಮಹಾಯುದ್ಧ’ ಎಂಬ ಪದವನ್ನೇ ಬಳಸುತ್ತಿರಲಿಲ್ಲ. “ಕಂಟ್ರೋಲಿನ ಕಾಲ” ಅನ್ನುತ್ತಿದ್ದಳು. ಸಕ್ಕರೆ ಕಂಟ್ರೋಲ್, ಚಿಮಣಿ ಎಣ್ಣಿ ಕಂಟ್ರೋಲ್, ಬಟ್ಟೆ ಕಂಟ್ರೋಲ್. ಮದುವೆಗೆ ಸೀರೆ ಸಿಗದೆ ಅವ್ವನ ಹಳೇ ಸೀರೆ ಉಟ್ಟು ಹಸೆಮಣೆ ಮೇಲೆ ಕೂತಿದ್ದಳಂತೆ. ಅವಳು ಇದ್ದಾಗ ನಾನು ಕೂತು ಕೇಳಿ ಬರೆದುಕೊಳ್ಳಲಿಲ್ಲ. ಆ ನೋವು ನನಗೆ ಇದೆ. ಆ ಕಾಲದಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ನಿಮ್ಮ ಊರಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಇರಬಹುದು. ಆ ಹುಡುಗನನ್ನು ಈ ವಾರವೇ ಅವರ ಹತ್ತಿರ ಕಳಿಸಿ.

ಕೊನೆಗೆ, ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಪುಸ್ತಕ. ‘ತೊತ್ತೋಚಾನ್’. ಹೆಸರಲ್ಲಿ ಯುದ್ಧ ಇಲ್ಲ ಅಂತ ಬಿಟ್ಟಿರಿ ಅನಿಸುತ್ತದೆ. ಕನ್ನಡದಲ್ಲೇ ಸಿಗುತ್ತದೆ, ಬೆಲೆಯೂ ಕಡಿಮೆ. ರೈಲು ಡಬ್ಬಿಗಳಲ್ಲಿ ನಡೆಯುವ ಟೋಕಿಯೋದ ಒಂದು ಪುಟ್ಟ ಶಾಲೆಯ ಕಥೆ. ಮಕ್ಕಳು ಆಡುತ್ತಾರೆ, ಹಾಡುತ್ತಾರೆ, ಮರ ಹತ್ತುತ್ತಾರೆ. ಯುದ್ಧ ಎಲ್ಲೋ ಅಂಚಿನಲ್ಲಿ ಇರುತ್ತದೆ. ಸ್ಟೇಷನ್ನಿನ ಮಿಠಾಯಿ ಯಂತ್ರದಲ್ಲಿ ಮಿಠಾಯಿ ಖಾಲಿಯಾಗುತ್ತದೆ. ಕೊನೆಗೆ 1945ರಲ್ಲಿ ಬಾಂಬು ಬಿದ್ದು ಆ ಶಾಲೆಯೇ ಉರಿದುಹೋಗುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಇದನ್ನು ಇಲ್ಲಿ ಧಾರವಾಡದಲ್ಲಿ ನಮ್ಮ ಓಣಿಯ ಮಕ್ಕಳಿಗೆ ದಿನಾ ಸಂಜೆ ಸ್ವಲ್ಪ ಸ್ವಲ್ಪ ಓದಿ ಹೇಳಿದೆ. ಮಿಠಾಯಿ ಯಂತ್ರದ ಹತ್ತಿರ ಬಂದಾಗ ಆರನೇ ಕ್ಲಾಸಿನ ಹುಡುಗಿ, “ರೊಕ್ಕಾ ಹಾಕಿದ್ರೂ ಬರ್ಲಿಲ್ಲೇನ್ರಿ?” ಅಂತ ಕೇಳಿದಳು. ನಾನು ಅಜ್ಜಿಯ ಕಂಟ್ರೋಲ್ ಸಕ್ಕರೆಯ ಸುದ್ದಿ ಹೇಳಿದೆ. ಶಾಲೆ ಸುಟ್ಟ ದಿನ ಯಾರೂ ಬೇಗ ಮನೆಗೆ ಹೋಗಲಿಲ್ಲ.

ಲೇಖನವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ತಿರಸ್ಕಾರ ಅಂತ ತಿಳಿಯಬೇಡಿ. 22 ಪುಸ್ತಕ ಬೇಡ, ಮೂರು ಸಾಕು. ಮೂರನ್ನೂ ಮೊದಲ ಪುಟದಿಂದ ಕೊನೆಯವರೆಗೆ ಓದಿ. ಒಂದನ್ನಾದರೂ ಕ್ಲಾಸಿನಲ್ಲಿ ದನಿ ಎತ್ತಿ ಓದಿ, ಮಕ್ಕಳು ಎಲ್ಲಿ ತಡೆದು ಕೇಳಿದರು ಅಂತ ಗುರುತು ಹಾಕಿಕೊಳ್ಳಿ. ಹುಡುಗನ ಪ್ರಶ್ನೆಯಿಂದ ಶುರುಮಾಡಿ. ನೀವು ಅವನಿಗೆ ಏನು ಉತ್ತರ ಕೊಟ್ಟಿರಿ, ಅವನು ತಿರುಗಿ ಏನು ಕೇಳಿದ, ಅದನ್ನೆಲ್ಲ ಬರೆಯಿರಿ. ಆಗಸ್ಟ್ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಇಟ್ಟಿದ್ದೇನೆ, ಜುಲೈ ಹತ್ತರೊಳಗೆ ಕೈಸೇರಲಿ.

ನನ್ನ ಹತ್ತಿರ ‘ತೊತ್ತೋಚಾನ್’ ಎರಡು ಪ್ರತಿ ಇದ್ದವು. ಒಂದನ್ನು ಇವತ್ತು ಅಂಚೆಗೆ ಹಾಕಿದ್ದೇನೆ. ನೀವು ಓದಿದ ಮೇಲೆ ಆ ಹುಡುಗನಿಗೆ ಕೊಡಿ.

ನಿಮ್ಮ,
ಸಂಪಾದಕ