ಎದೆ ಯಾಕೆ ಗುದ್ದಿದ ಹಾಗೆ ಬಡಿಯುತ್ತದೆ?

ಪ್ರಶ್ನೆ: ಮೊನ್ನೆ ತೋಟದಲ್ಲಿ ಹಾವು ಕಂಡು ಹೆದರಿದೆ. ಎದೆ ಬೇಗ ಬೇಗ ಬಡಿದದ್ದಷ್ಟೇ ಅಲ್ಲ, ಒಂದೊಂದು ಬಡಿತವೂ ಗುದ್ದಿದ ಹಾಗಿತ್ತು. ಈ ಜೋರು ಎಲ್ಲಿಂದ ಬರುತ್ತದೆ ಡಾಕ್ಟ್ರೇ?
– ಓದುಗರೊಬ್ಬರು, ಶಿರಸಿ

ಉತ್ತರ: ವೇಗ ಬೇರೆ, ಜೋರು ಬೇರೆ ಅಂತ ನೀವೇ ಗಮನಿಸಿದ್ದೀರಿ. ತುಂಬಾ ಖುಷಿಯಾಯಿತು. ನಾನು ಎಂಬಿಬಿಎಸ್ ಓದುವಾಗ ಕಪ್ಪೆಯ ಹೃದಯಕ್ಕೆ ದಾರ ಕಟ್ಟಿ ಒಂದು ಕಡ್ಡಿಗೆ ಜೋಡಿಸುತ್ತಿದ್ದೆವು. ಮಸಿ ಹಿಡಿಸಿದ ಕಾಗದದ ಮೇಲೆ ಕಡ್ಡಿ ಗೆರೆ ಎಳೆಯುತ್ತಿತ್ತು. ಹೆದರಿದಾಗ ಮೈಯಲ್ಲಿ ಹರಿಯುವ ಹಾರ್ಮೋನು ಅಡ್ರಿನಲಿನ್ ಒಂದು ಹನಿ ಬಿಟ್ಟರೆ ಗೆರೆಗಳು ಒತ್ತೊತ್ತಾಗುತ್ತಿದ್ದವು, ಎತ್ತರವೂ ಆಗುತ್ತಿದ್ದವು. ಆ ಎತ್ತರವೇ ನಿಮ್ಮ ಗುದ್ದು.

ಹೆದರಿದಾಗ ಮಿದುಳಿನಿಂದ ಬೆನ್ನುಹುರಿಯ ಮೂಲಕ, ಮೈಯನ್ನು ಓಟಕ್ಕೋ ಹೋರಾಟಕ್ಕೋ ಸಜ್ಜುಮಾಡುವ ಸಿಂಪಥೆಟಿಕ್ ನರಗಳಿಗೆ ಸುದ್ದಿ ಹೋಗುತ್ತದೆ. ಅವುಗಳ ತುದಿ ಹೃದಯದ ಸ್ನಾಯುವಿನೊಳಗೇ ಇದೆ. ಅಲ್ಲಿ ಅಡ್ರಿನಲಿನ್‌ನ ಹತ್ತಿರದ ನೆಂಟ ನಾರ್‌ಅಡ್ರಿನಲಿನ್ ಬಿಡುಗಡೆಯಾಗಿ, ಸ್ನಾಯುಕೋಶದ ಮೇಲೆ ಸಂದೇಶ ಹಿಡಿಯುವ ಬೀಟಾ-1 ಎಂಬ ಗ್ರಾಹಕಕ್ಕೆ ಅಂಟುತ್ತದೆ. ಆಗ ಪ್ರತಿ ಬಡಿತದಲ್ಲೂ ಸ್ನಾಯುಕೋಶಕ್ಕೆ ಜಾಸ್ತಿ ಕ್ಯಾಲ್ಸಿಯಂ ಸಿಗುತ್ತದೆ. ಅದು ಜಾಸ್ತಿಯಾದರೆ ಹಿಂಡುವ ಬಲವೂ ಜಾಸ್ತಿ. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಇದರ ಮುಂದಿನ ಭಾಗ. ಅದೇ ಸಂದೇಶ ಆ ಕ್ಯಾಲ್ಸಿಯಂ ಬೇಗ ಕೋಶದೊಳಗಿನ ತನ್ನ ಉಗ್ರಾಣಕ್ಕೆ ಮರಳುವಂತೆಯೂ ಮಾಡುತ್ತದೆ. ಇಲ್ಲದಿದ್ದರೆ ಅಷ್ಟು ವೇಗದಲ್ಲಿ ಹೃದಯ ಸಡಿಲಾಗಿ ರಕ್ತ ತುಂಬಿಕೊಳ್ಳಲು ಪುರುಸೊತ್ತೆಲ್ಲಿ, ಅಲ್ವಾ?

ಇದಕ್ಕೆ ಎದುರಾಗಿ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಮುಖ್ಯವಾಗಿ ಬಡಿತದ ವೇಗ ಇಳಿಸುತ್ತದೆ. ರಕ್ತವನ್ನು ಹೊರದೂಡುವ ಹೃದಯದ ಕೆಳಕೋಣೆಗಳ ಬಲದ ಮೇಲೆ ಅದರ ಹಿಡಿತ ಕಡಿಮೆ.

ಬಿಪಿ, ಹೃದಯದ ತೊಂದರೆಗಳಿಗೆ ಕೊಡುವ ಮೆಟೊಪ್ರೊಲಾಲ್ ಮಾತ್ರೆ ತಡೆಯುವುದು ಈ ಬೀಟಾ-1 ಅನ್ನೇ. ತೆಗೆದುಕೊಳ್ಳುತ್ತಿದ್ದರೆ ಸುಮ್ನೆ ನಿಲ್ಲಿಸಬೇಡಿ. ಹಾವಿನ ಭಯ ಸರಿ, ಆದರೆ ಕಾರಣವಿಲ್ಲದೆ ಕೂತಲ್ಲೇ ಎದೆ ಹೀಗೆ ಗುದ್ದಿ ತಲೆ ಸುತ್ತಿದರೆ ಇಸಿಜಿ ಮಾಡಿಸಿ.