ಮೇಷ್ಟ್ರೇ, ಮೊದಲು ಸಿಮ್ ನೋಡಿ

ತಿಪಟೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಕಾಗದ ಬರೆದಿದ್ದಾರೆ: "ಸ್ಮಾರ್ಟ್‌ಫೋನ್ ಸಾಕಾಗಿದೆ. ರಾತ್ರಿ ಹನ್ನೊಂದಾದರೂ ರೀಲ್ಸ್ ನೋಡುತ್ತಾ ಕೂತಿರುತ್ತೇನೆ. ಬಟನ್ ಫೋನ್ ತಗೊಳ್ತೀನಿ ಅಂದರೆ ಮಗ ನಗುತ್ತಾನೆ. ನನ್ನದು ಹುಚ್ಚಾ?"

ಹುಚ್ಚೇನಲ್ಲ ಮೇಷ್ಟ್ರೇ. ಆದರೆ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಸಿಮ್ ಯಾವುದು ಅಂತ ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ. 2003ರಲ್ಲಿ ಬಂದ ನೋಕಿಯಾ 1100 ನೆನಪಿದೆಯಾ, ತಲೆಯಲ್ಲಿ ಟಾರ್ಚ್ ಇದ್ದದ್ದು? ಅದರ ಮೇಲಿನ ಆಸೆಗೆ ಅಂಥದ್ದೇ ಒಂದು 2ಜಿ ಸೆಟ್ ತಂದೆ. ಸಿಮ್ ಹಾಕಿದರೆ ನೆಟ್‌ವರ್ಕೇ ಇಲ್ಲ! ನನ್ನ ಸಿಮ್ ಕಂಪನಿಯಲ್ಲಿ 2ಜಿಯೇ ಇಲ್ಲವಂತೆ, ಮಾತು ಕೂಡ 4ಜಿಯಲ್ಲೇ ಹೋಗುತ್ತದಂತೆ. ತಪ್ಪು ನನ್ನದೇ. ಎರಡನೇ ಸಲ ಡಬ್ಬದ ಮೇಲೆ '4ಜಿ ವೋಲ್ಟಿ' (ಅಂದರೆ 4ಜಿಯಲ್ಲೇ ಮಾತಾಡಲು ಬರುವ ಸೆಟ್) ಅಂತ ಇದೆಯಾ ನೋಡಿ ತಂದೆ. ಟಾರ್ಚೂ ಇತ್ತು.

ಇನ್ನು ಕರೆನ್ಸಿ. ಡೇಟಾ ಬೇಡದವರು ಡೇಟಾಗೆ ದುಡ್ಡು ಕಟ್ಟಬೇಕಿಲ್ಲ. ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಒಂದಾದರೂ ಇರಲೇಬೇಕು ಅಂತ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ಸಂಸ್ಥೆ 2024ರ ಡಿಸೆಂಬರ್‌ನಲ್ಲೇ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಹೇಳುವುದು ಕಮ್ಮಿ. ನೀವೇ ಕೇಳಿ.

ದುಡ್ಡು ಕೊಡುವುದಕ್ಕೂ ದಾರಿ ಇದೆ. ಬಟನ್ ಫೋನಿನವರಿಗಾಗಿಯೇ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಶುರುಮಾಡಿತು. ಒಂದು ನಂಬರಿಗೆ ಕರೆ ಮಾಡಿ, ಅದು ಹೇಳಿದಂತೆ ಬಟನ್ ಒತ್ತಿ, ಪಿನ್ ಹಾಕುವುದು. ಮನೆಯಲ್ಲಿ ಕೂತು ನಿಧಾನಕ್ಕೆ ಕಳಿಸುವುದಕ್ಕೆ ಪರವಾಗಿಲ್ಲ. ಆದರೆ ಎಳನೀರು ಗಾಡಿ ಮುಂದೆ, ಹಿಂದೆ ನಾಲ್ಕು ಜನ ನಿಂತಿರುವಾಗ ಇದೆಲ್ಲ ಆಗುವ ಮಾತಲ್ಲ. ನಾನಂತೂ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳುತ್ತೇನೆ.

ಚಿಕ್ಕಪುಟ್ಟ ತಲೆನೋವೂ ಇದೆ. ಕನ್ನಡದಲ್ಲಿ ಸೇವ್ ಮಾಡಿದ ಹೆಸರುಗಳು ನನ್ನ ಮೊದಲ ಸೆಟ್‌ನಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತಿದ್ದವು. ಯಾರ ಫೋನ್ ಬಂದರೂ ಚೌಕ ಸಾಹೇಬರದೇ! ಇನ್‌ಬಾಕ್ಸ್ ತುಂಬಿಹೋಗಿ ಬ್ಯಾಂಕಿನ ಒಟಿಪಿ ಬಾರದೆ ಒಂದು ಮಧ್ಯಾಹ್ನವೇ ಹಾಳಾಯಿತು. ಆಗಾಗ ಅಳಿಸುತ್ತಿರಿ.

ಸ್ಮಾರ್ಟ್‌ಫೋನನ್ನು ನಾನು ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳಬಾರದು. ನಮ್ಮ ಆಫೀಸಿಗೆ ಲೇಖಕರು ಫೋಟೋ ಕಳಿಸುವುದೆಲ್ಲ ವಾಟ್ಸಾಪ್‌ನಲ್ಲೇ ಅಲ್ವಾ? ಆ ಫೋನ್ ಆಫೀಸಿನ ಬೀರುವಿನಲ್ಲಿರುತ್ತದೆ. ಸಂಜೆ ಐದಕ್ಕೆ ತೆಗೆದು ನೋಡಿ, ಮತ್ತೆ ಅಲ್ಲೇ ಇಟ್ಟು ಬೀಗ ಹಾಕಿ ಮನೆಗೆ ಬರುತ್ತೇನೆ. ನಿಮಗೂ ಇದೇ ಸರಿಹೋಗಬಹುದು. ನಿಮ್ಮ ತೊಂದರೆ ಇರುವುದು ರಾತ್ರಿ ಹೊತ್ತು ತಾನೇ? ಹಳೇ ಫೋನ್ ಮಗನ ಕೋಣೆಯಲ್ಲಿರಲಿ. ಕೇಳಿ ಇಸ್ಕೊಳ್ಳುವ ಸಂಕೋಚವೇ ಅರ್ಧ ಕೆಲಸ ಮಾಡುತ್ತದೆ.

ಮಗ ನಗಲಿ ಬಿಡಿ. ನನ್ನ ಮಗಳೂ ನಕ್ಕಿದ್ದಳು. ಈಗ ಕರೆಂಟ್ ಹೋದರೆ ಅವಳು ಮೊದಲು ಕೇಳುವುದು, "ಅಪ್ಪಾ, ನಿನ್ನ ಟಾರ್ಚ್ ಎಲ್ಲಿ?"