ಹೊಸ ಬಬಲ್ ಟಿಪ್ ಅನಿಮೋನಿ ಕಲ್ಲಿನ ಹಿಂದೆ ಸೇರ್ಕೊಂಡಿದೆ, ಕಿತ್ತು ಲೈಟಿನ ಕೆಳಗಿಡ್ಲಾ?

ದಯವಿಟ್ಟು ಕೀಳ್ಬೇಡಿ. ಅನಿಮೋನಿ ಗಿಡ ಅಲ್ಲ, ಪಾದದಿಂದ ಕಲ್ಲಿಗೆ ಅಂಟ್ಕೊಂಡು ಬದುಕೋ ಮೆತ್ತನೆ ಕಡಲ ಪ್ರಾಣಿ. ನೀವು ಬರೆದಿರೋ ಪ್ರಕಾರ 4 ದಿನದ ಹಿಂದೆ ತಂದಿದೀರ, ಕವರ್ ಅರ್ಧ ಗಂಟೆ ತೇಲಿಸಿ ಹಾಗೇ ಟ್ಯಾಂಕಿಗೆ ಬಿಟ್ಟಿದೀರ, ಎಲ್‌ಇಡಿ ನೂರಕ್ಕೆ ನೂರು ಉರೀತಿದೆ, ಈಗ ಅದು ನಿಂಬೆಹಣ್ಣಿನಷ್ಟು ಕುಗ್ಗಿ ಕಲ್ಲಿನ ಹಿಂದೆ ಕೂತಿದೆ. ಪಾದ ಕಲ್ಲಿಗೆ ಗಟ್ಟಿಯಾಗಿ ಅಂಟಿದ್ದು ಬಾಯಿ ಮುಚ್ಕೊಂಡಿದ್ರೆ ಅದು ಸಾಯ್ತಾ ಇಲ್ಲ, ಬೆಳಕು ತಡ್ಕೊಳಕ್ಕಾಗ್ದೆ ನೆರಳು ಹುಡುಕ್ಕೊಂಡು ಹೋಗಿದೆ. ಬಾಯಿ ಹರಡಿ ಒಳಗಿನ ಮಾಂಸ ಹೊರಗೆ ಬಂದಿದ್ದು, ಪಾದ ಬಿಟ್ಟು ತೇಲ್ತಾ ಇದ್ರೆ ಅದು ಬೇರೆ ವಿಷಯ, ಆಗ ತಕ್ಷಣ ಹೊರಗೆ ತೆಗೀಬೇಕು.

ಇಷ್ಟು ಗಟ್ಟಿಯಾಗಿ ಯಾಕೆ ಹೇಳ್ತಿದೀನಿ ಅಂದ್ರೆ ನಾನು ಒಂದನ್ನ ಹೀಗೇ ಕಳ್ಕೊಂಡೆ. ಬೆಂಗಳೂರಲ್ಲಿ ನಮ್ಮನೆ 3 ಅಡಿ ಟ್ಯಾಂಕಿಗೆ ಆಗ 4 ತಿಂಗಳು, ಅನಿಮೋನಿ ಮೂಲೇಲಿ ಕೂತಿತ್ತು, ಬೆಳಕಿಲ್ಲ ಪಾಪ ಅಂತ ಬೆರಳು ಹಾಕಿ ಎಬ್ಬಿಸಕ್ಕೆ ಹೋದೆ, ಪಾದ ಹರೀತು. ಮಾರನೇ ದಿನ ಸಂಜೆ ಆಫೀಸಿಂದ ಬರೋಷ್ಟೊತ್ತಿಗೆ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿತ್ತು, ಮನೇಲೆಲ್ಲಾ ಕೊಳೆತ ವಾಸನೆ, ಅಮೋನಿಯಾ ಏರಿ ಎರಡು ಕ್ಲೌನ್ ಫಿಶ್ಶೂ ಹೋಗಿದ್ವು. ಮೀನು ಸತ್ರೆ ಒಂದು ಮೀನು ಹೋಗತ್ತೆ, ಅನಿಮೋನಿ ಸತ್ತು ಟ್ಯಾಂಕಲ್ಲೇ ಕರಗಿದ್ರೆ ಉಳಿದವನ್ನೂ ಕರ್ಕೊಂಡು ಹೋಗತ್ತೆ. ಅಷ್ಟು ಸಂಕಟ ನಿಮಗೆ ಆಗೋದು ಬೇಡ.

ಈಗ ಬೆಳಕಿನ ವಿಷಯ, ನನ್ನ ಪ್ರಕಾರ ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಅನಿಮೋನಿ ಮೈಯೊಳಗೆ ಒಂದೇ ಜೀವಕೋಶದ ಪಾಚಿ ಇರತ್ತೆ, ಝೂಕ್ಸಾಂಥೆಲ್ಲೆ ಅಂತಾರೆ, ಅದು ಬೆಳಕಲ್ಲಿ ಸಕ್ಕರೆ ಮಾಡಿ ಅನಿಮೋನಿಗೆ ಊಟ ಕೊಡತ್ತೆ. ಹಾಗಾಗಿ ಬೆಳಕು ಬೇಕೇ ಬೇಕು. ಆದ್ರೆ ಅಂಗಡಿ ಟ್ಯಾಂಕಲ್ಲಿ ಮಂದ ಬೆಳಕಲ್ಲಿದ್ದು, ಆಮೇಲೆ ಕವರಲ್ಲಿ ಕತ್ತಲಲ್ಲಿ ಬಂದದ್ದನ್ನ ಒಂದೇ ಸಲ ಪೂರ್ತಿ ಎಲ್‌ಇಡಿ ಕೆಳಗಿಟ್ರೆ ಆ ಪಾಚಿ ತಡೆಯೋದಕ್ಕಿಂತ ಜಾಸ್ತಿ ಬೆಳಕು ಬಿದ್ದು ಒಳಗೇ ಹಾನಿ ಮಾಡೋ ಥರದ ಆಕ್ಸಿಜನ್ ಹುಟ್ಟತ್ತೆ, ಅನಿಮೋನಿ ಪಾಚೀನೇ ಹೊರಗೆ ಹಾಕಕ್ಕೆ ಶುರು ಮಾಡತ್ತೆ, ಬಣ್ಣ ಹೋಗಿ ಬಿಳೀ ಆಗತ್ತೆ. ನೋಡಕ್ಕೆ ಚೆನ್ನಾಗಿದೆ ಅಂತ ಬಿಳೀ ಅನಿಮೋನೀನೇ ಆರಿಸಿ ತರೋರಿದಾರೆ, ಅದು ಹಸಿದಿರೋ ಪ್ರಾಣಿ, ಅಪ್ಪಿತಪ್ಪಿಯೂ ತರಬೇಡಿ.

ಇವತ್ತೇ ಲೈಟನ್ನ 30 ಪರ್ಸೆಂಟಿಗೆ ಇಳಿಸಿ. ಆಮೇಲೆ 4 ದಿನಕ್ಕೊಂದ್ಸಲ 5 ಪರ್ಸೆಂಟ್ ಏರಿಸ್ತಾ ಹೋದ್ರೆ 65 ಮುಟ್ಟಕ್ಕೆ ಸರಿಯಾಗಿ 4 ವಾರ ಆಗತ್ತೆ, ನಾನು ಮಾಡಿದ್ದೂ ಇದೇ. ಕೆಲವು ಲೈಟಲ್ಲಿ ಬೆಳಕನ್ನ ತಾನೇ ನಿಧಾನವಾಗಿ ಏರಿಸೋ ಆಕ್ಲಿಮೇಷನ್ ಮೋಡ್ ಅಂತಾನೇ ಇರತ್ತೆ, ಇದ್ರೆ ಅದನ್ನ ಹಾಕ್ಬಿಡಿ, ದಿನಾ ನೆನಪಿಟ್ಕೊಳೋ ಕೆಲಸ ತಪ್ಪತ್ತೆ. ದಿನಕ್ಕೆ 8ರಿಂದ 10 ಗಂಟೆ ಸಾಕು. ಪರ್ಸೆಂಟ್ ಅನ್ನೋದು ಲೈಟಿಂದ ಲೈಟಿಗೆ ಬೇರೆ, ನಿಜವಾದ ಅಳತೆ ಪಾರ್, ಅಂದ್ರೆ ಪಾಚಿ ಗಿಡಗಳಿಗೆ ಉಪಯೋಗಕ್ಕೆ ಬರೋ ಬೆಳಕು ಆ ಜಾಗದಲ್ಲಿ ಎಷ್ಟು ಬೀಳತ್ತೆ ಅನ್ನೋದು. ಅನಿಮೋನಿ ಕೂತ ಜಾಗದಲ್ಲಿ ಶುರುವಿಗೆ 80ರಿಂದ 100, ಕೊನೆಗೆ 150ರಿಂದ 250ರ ಒಳಗೆ ಇದ್ರೆ ಬಬಲ್ ಟಿಪ್ ಸುಖವಾಗಿರತ್ತೆ. ಪಾರ್ ಮೀಟರ್ ದುಬಾರಿ, ಕೊಳ್ಳಕ್ಕೆ ಹೋಗ್ಬೇಡಿ, ಈ ಹವ್ಯಾಸದವರ ಹತ್ರ ಒಂದು ದಿನಕ್ಕೆ ಕೇಳಿ ಇಸ್ಕೊಳಿ.

ಬೆಳಕು ಇಳಿಸಿದ್ಮೇಲೆ ಅದೇ ತಾನಾಗಿ ಹೊರಗೆ ಬರತ್ತೆ, ಎರಡು ದಿನಕ್ಕೂ ಬರಬಹುದು, ಎರಡು ವಾರಾನೂ ಆಗಬಹುದು. ಬಬಲ್ ಟಿಪ್ಪಿಗೆ ಪಾದ ಒಳಗಿಡಕ್ಕೆ ಕಲ್ಲಿನ ಸಂದಿ ಬೇಕು, ತಲೆ ಬೆಳಕಿಗಿರ್ಬೇಕು, ಅಂಥ ಜಾಗ ಸಿಗೋವರೆಗೂ ಟ್ಯಾಂಕೆಲ್ಲಾ ನಡೆಯತ್ತೆ. ಅದಕ್ಕೇ ವೇವ್ ಮೇಕರಿಗೆ, ಅಂದ್ರೆ ಟ್ಯಾಂಕೊಳಗೆ ನೀರು ಆಡಿಸೋ ಫ್ಯಾನಿಗೆ, ಸ್ಪಂಜೋ ಬಲೆಯೋ ಇವತ್ತು ರಾತ್ರಿ ಮಲಗೋ ಮುಂಚೆ ಕಟ್ಬಿಡಿ, ಇದು ಮರೆತ್ರೆ ಮಿಕ್ಕಿದ್ದೆಲ್ಲಾ ದಂಡ. ರಾತ್ರಿ ನಡೆದು ಫ್ಯಾನಿಗೆ ಸಿಕ್ಕಿ ಚೂರುಚೂರಾದವು ಬಹಳ ಇವೆ.

ನೀರಿಗೆ ಹೊಂದಿಸೋದನ್ನೂ ಕೇಳಿದೀರ, ಮುಂದಿನ ಸಲಕ್ಕೆ ಹೇಳ್ತೀನಿ. ಅನಿಮೋನಿಗೆ ತನ್ನ ಮೈಯೊಳಗಿನ ಉಪ್ಪನ್ನ ಮೀನಿನ ಥರ ಸರಿದೂಗಿಸ್ಕೊಳೋ ಶಕ್ತಿ ಇಲ್ಲ, ಹೊರಗಿನ ನೀರು ಹೇಗೋ ಒಳಗೂ ಹಾಗೇ. ಕವರ್ 20 ನಿಮಿಷ ತೇಲಿಸಿ ಬಿಸಿ ಸಮ ಮಾಡಿ, ಕವರಿನ ನೀರಲ್ಲಿ ಉಪ್ಪೆಷ್ಟಿದೆ ಅಂತ ರಿಫ್ರಾಕ್ಟೋಮೀಟರಲ್ಲಿ ನೋಡಿ, ಅದು ಉಪ್ಪು ಅಳೆಯೋ ಸಾಧನ. ನಿಮ್ಮ ಟ್ಯಾಂಕಿಂದು 1.025, ಕವರಿಂದು 1.021 ಇದ್ರೆ ಏರ್ ಪೈಪಿಗೆ ಸಡಿಲ ಗಂಟು ಹಾಕಿ ಸೆಕೆಂಡಿಗೆ 2–3 ಹನಿ ಬೀಳೋ ಹಾಗೆ ಕವರಿಗೆ ಟ್ಯಾಂಕ್ ನೀರು ಬಿಡಿ, ನೀರು ಎರಡರಷ್ಟಾದ್ಮೇಲೆ ಅರ್ಧ ಚೆಲ್ಲಿ ಮತ್ತೆ ಬಿಡಿ, ಸುಮಾರು ಒಂದು ಗಂಟೆ. ಆದ್ರೆ ಕೊರಿಯರಲ್ಲಿ ಒಂದು ದಿನಕ್ಕಿಂತ ಜಾಸ್ತಿ ಕವರಲ್ಲಿದ್ದು ಬಂದ್ರೆ ಇಷ್ಟು ಹೊತ್ತು ಬೇಡ. ಮುಚ್ಚಿದ ಕವರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರತ್ತೆ, ಅದರಿಂದ ಅಮೋನಿಯಾ ಅಷ್ಟು ವಿಷವಾಗಿರಲ್ಲ, ನಾವು ಕವರ್ ಬಿಚ್ಚಿದ ಕೂಡ್ಲೆ ಗಾಳಿ ಆಡಿ ಪಿಎಚ್ ಏರತ್ತೆ, ಅದೇ ಅಮೋನಿಯಾ ವಿಷ ಆಗತ್ತೆ. ಅಂಥದಕ್ಕೆ ಅರ್ಧ ಗಂಟೆಯೊಳಗೆ ಮುಗಿಸಿ. ಕವರಿನ ನೀರು ಮಾತ್ರ ಟ್ಯಾಂಕಿಗೆ ಸುರೀಬೇಡಿ.

ಅನಿಮೋನಿಗೆ ಆಯಸ್ಸೇ ಕಮ್ಮಿ, ಹೋದ್ರೆ ಇನ್ನೊಂದು ತಗೊಳಿ ಅಂತ ನಿಮಗೆ ಯಾರೋ ಹೇಳಿದಾರಲ್ಲ, ಅದು ನನಗೆ ನಿಜವಾಗ್ಲೂ ಬೇಜಾರಾಯ್ತು. ಸ್ಕಾಟ್‌ಲ್ಯಾಂಡಲ್ಲಿ ಜಾನ್ ಡಾಲ್ಯೆಲ್ ಅನ್ನೋರು 1828ರಲ್ಲಿ ಕಡಲ ದಡದಿಂದ ತಂದು ಗಾಜಿನ ಜಾಡೀಲಿಟ್ಟ ಒಂದು ಅನಿಮೋನಿ, ಅವರು 1851ರಲ್ಲಿ ತೀರ್ಕೊಂಡ್ಮೇಲೂ ಬೇರೆಯವರ ಆರೈಕೇಲಿ 1887ರವರೆಗೆ ಬದುಕಿತ್ತು, ಗ್ರ್ಯಾನಿ ಅಂತ ಕರೀತಿದ್ರು ಅದನ್ನ, ಅಂದ್ರೆ ಅಜ್ಜಿ. ಅದು ತಣ್ಣೀರಿನ ಬೇರೆ ಜಾತಿ, ಆದ್ರೂ ನೋಡಿ.

ಕ್ಲೌನ್ ಫಿಶ್ ಯಾವಾಗ ಹೋಗಿ ಅನಿಮೋನಿಯೊಳಗೆ ಕೂತ್ಕೊಳತ್ತೆ ಅಂತ ಕಾಯ್ಬೇಡಿ. ನಿಮ್ಮಲ್ಲಿರೋ ಒಸೆಲ್ಲಾರಿಸ್ ಜಾತಿಯ ಕ್ಲೌನ್ ಫಿಶ್ ಸಮುದ್ರದಲ್ಲಿ ಬಬಲ್ ಟಿಪ್ಪಲ್ಲಿ ವಾಸ ಮಾಡೋದಲ್ಲ, ಟ್ಯಾಂಕಲ್ಲಿ ಒಪ್ಕೊಳತ್ತೆ, ಕೆಲವು ಒಪ್ಪೋದೇ ಇಲ್ಲ. ಊಟಾನೂ ಮೊದಲ ವಾರ ಬೇಡ, ಆಮೇಲೆ ವಾರಕ್ಕೊಂದ್ಸಲ ಅದರ ಬಾಯಿಗಿಂತ ಚಿಕ್ಕ ಸೀಗಡಿ ಚೂರು ಸಾಕು.

ಒಂದು ಎಚ್ಚರಿಕೆ, ಬೇಸಿಗೆ ಬರ್ತಿದೆ. ಟ್ಯಾಂಕ್ 28 ಡಿಗ್ರಿ ದಾಟದ ಹಾಗೆ ನೋಡ್ಕೊಳಿ, ಬಿಸಿ ನೀರಲ್ಲೂ ಇದೇ ಥರ ಪಾಚಿ ಬಿಟ್ಟು ಬೆಳ್ಳಗಾಗತ್ತೆ. ಮೇಲ್ಗಡೆ ಫ್ಯಾನ್ ಹಾಕಿದ್ರೆ 2 ಡಿಗ್ರಿ ಇಳಿಯತ್ತೆ, ಆದ್ರೆ ನೀರು ಬೇಗ ಆವಿಯಾಗಿ ಉಪ್ಪು ಏರತ್ತೆ, ಆದ್ದರಿಂದ ದಿನಾ ಆರ್‌ಒಡಿಐ ಸಿಹಿನೀರು, ಅಂದ್ರೆ ಫಿಲ್ಟರಲ್ಲಿ ಲವಣ ತೆಗೆದು ಶುದ್ಧ ಮಾಡಿದ ನೀರು, ಸೇರಿಸಿ, ಬೋರ್‌ವೆಲ್ ನೀರು ಬೇಡ.

ನಾಳೆ ಬಾಯಿ ಕಾಣೋ ಹಾಗೆ ಒಂದು ಫೋಟೋ ಹಾಕಿ. ಒಂದು ನಿಮಿಷ ಬಿಳೀ ಲೈಟ್ ಸಣ್ಣಗೆ ಹಾಕಿ ತೆಗೀರಿ, ಬರೀ ನೀಲೀಲಿ ತೆಗೆದ್ರೆ ಬಣ್ಣ ಹೋಗಿದ್ಯೋ ಇಲ್ವೋ ನನಗೆ ಗೊತ್ತಾಗಲ್ಲ.